ಒಳ್ಳೆಯ ಮನುಷ್ಯ, ಒಳ್ಳೆಯ ಪೌರ: ಗ್ರೀಕರೂ ರೋಮನ್ನರೂ ಕರ್ತವ್ಯವನ್ನು ಕಂಡ ಬಗೆ

ಚುನಾವಣೆ ಬಂದಾಗಲೆಲ್ಲ ಮತದಾನ ಹಕ್ಕೋ ಕರ್ತವ್ಯವೋ ಎಂಬ ಚರ್ಚೆ ನಮ್ಮಲ್ಲಿ ಎದ್ದುಬರುತ್ತದೆ. ಅದರ ಜೊತೆಗೇ ಸಂವಿಧಾನದ 51ಎ ವಿಧಿಯೂ ನೆನಪಾಗುತ್ತದೆ. 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ಸೇರಿದ ಈ ವಿಧಿ ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ; ಆದರೆ ಅದೊಂದನ್ನೇ ಹಿಡಿದು, ಪಾಲಿಸದವರನ್ನು ನ್ಯಾಯಾಲಯಕ್ಕೆ ಎಳೆಯಲು ಬರುವುದಿಲ್ಲ. ಹಾಗಾದರೆ ಕರ್ತವ್ಯವನ್ನು ಬರೆದಿಟ್ಟು ಏನು ಪ್ರಯೋಜನ, ಅದನ್ನು ಮಾಡುವ ಮನಸ್ಸು ಜನರಲ್ಲಿ ಹುಟ್ಟುವುದಾದರೂ ಹೇಗೆ ಎಂದು ಕೇಳುವವರು ಬಹಳ ಮಂದಿ. ಇದೇ ಪ್ರಶ್ನೆಯನ್ನು ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಕರು, ಅವರ ನಂತರ ರೋಮನ್ನರು, ಹಠ ಹಿಡಿದು ಕೇಳಿಕೊಂಡರು. ಅವರ ಉತ್ತರಗಳು ಅರ್ಥವಾಗಬೇಕಾದರೆ ಮೊದಲು ಕೆಲವು ಪದಗಳನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಏಕೆಂದರೆ ಆ ಪದಗಳಿಗೆ ಇಂದು ನಾವು ಕೊಡುವ ಅರ್ಥ ಬೇರೆ, ಅವರು ಕೊಡುತ್ತಿದ್ದ ಅರ್ಥ ಬೇರೆ.

ಗುಣವೆಂದರೆ ಏನು?

ಗ್ರೀಕರ ಪದ ‘ಅರೆಟೆ’. ಇದನ್ನು ಸಾಮಾನ್ಯವಾಗಿ ‘ಸದ್ಗುಣ’ ಎಂದು ಅನುವಾದಿಸುತ್ತಾರೆ. ಸದ್ಗುಣಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಯಾರ ತಂಟೆಗೂ ಹೋಗದ, ಮೆಲುಮಾತಿನ, ಕೆಟ್ಟ ಚಟಗಳಿಲ್ಲದ ವ್ಯಕ್ತಿ. ಗ್ರೀಕರ ಪದ ಅಷ್ಟು ಸೌಮ್ಯವಾದುದಲ್ಲ. ಕುದುರೆಗೂ ಅರೆಟೆ ಇದೆ, ಅದು ಚೆನ್ನಾಗಿ ಓಡುವುದು. ಕಣ್ಣಿಗೂ ಅರೆಟೆ ಇದೆ, ಅದು ಸ್ಪಷ್ಟವಾಗಿ ಕಾಣುವುದು. ತತ್ವಜ್ಞಾನಿ ಪ್ಲೇಟೊ ತನ್ನ ಒಂದು ಸಂವಾದದಲ್ಲಿ ದ್ರಾಕ್ಷಿಬಳ್ಳಿ ಕತ್ತರಿಸುವ ಕುಡುಗತ್ತಿಯ ಉದಾಹರಣೆ ಕೊಡುತ್ತಾನೆ: ಬಳ್ಳಿಯನ್ನು ಯಾವ ಕತ್ತಿಯಿಂದಲಾದರೂ ಕತ್ತರಿಸಬಹುದು, ಆದರೆ ಅದಕ್ಕೆಂದೇ ಮಾಡಿದ ಕತ್ತಿಯಷ್ಟು ಚೆನ್ನಾಗಿ ಬೇರೆ ಯಾವುದೂ ಕತ್ತರಿಸಲಾರದು. ಒಂದು ವಸ್ತು ತನ್ನ ಕೆಲಸವನ್ನು ಚೆನ್ನಾಗಿ ಮಾಡಲು ಬೇಕಾದ ಶಕ್ತಿಯೇ ಅದರ ಅರೆಟೆ.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಬಳಕೆಯೊಂದಿದೆ. ‘ಈ ಮದ್ದಿಗೆ ಒಳ್ಳೆಯ ಗುಣವಿದೆ’ ಎನ್ನುತ್ತೇವೆ. ಅಲ್ಲಿ ಗುಣವೆಂದರೆ ಮದ್ದಿನ ಒಳ್ಳೆಯತನವಲ್ಲ, ಅದು ಕೆಲಸ ಮಾಡುತ್ತದೆ ಎಂಬ ಭರವಸೆ. ಗ್ರೀಕರು ಮನುಷ್ಯನ ಗುಣವನ್ನು ನೋಡಿದ್ದು ಈ ಅರ್ಥದಲ್ಲಿ. ಹೀಗೆ ನೋಡಿದ ಕೂಡಲೇ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಕುದುರೆಯ ಕೆಲಸ ಓಡುವುದು, ಕತ್ತಿಯ ಕೆಲಸ ಕತ್ತರಿಸುವುದು, ಮನುಷ್ಯನ ಕೆಲಸ ಯಾವುದು?

ನಗರವೇ ಅಖಾಡ

ಆ ಪ್ರಶ್ನೆಗೆ ಬಹುಪಾಲು ಗ್ರೀಕರ ಉತ್ತರ, ಮನುಷ್ಯ ತನ್ನ ಕೆಲಸವನ್ನು ‘ಪೋಲಿಸ್’ನೊಳಗೆ ಮಾಡುತ್ತಾನೆ ಎಂಬುದು. ಪೋಲಿಸ್ ಎಂದರೆ ನಗರರಾಜ್ಯ, ಅಂದರೆ ಒಂದು ಪಟ್ಟಣ, ಸುತ್ತಲಿನ ಹಳ್ಳಿಹೊಲಗಳು, ತನ್ನದೇ ಕಾನೂನು, ತನ್ನದೇ ಸೈನ್ಯ. ಇಂದಿನ ‘ಪೊಲೀಸ್’ ಎಂಬ ಪದದ ಬೇರು ಕೂಡ ಇಲ್ಲಿಯದೇ. ನಗರದಿಂದ ನಾಗರಿಕ, ಪುರದಿಂದ ಪೌರ ಎಂದು ನಮ್ಮಲ್ಲಿ ಆಗುವಂತೆ, ಅವರಲ್ಲಿ ಪೋಲಿಸ್‌ನಿಂದ ‘ಪೊಲಿಟೇಸ್’ ಎಂಬ ಪದ ಬಂತು. ಇದಕ್ಕೆ ಎದುರಾಗಿ, ಸಾರ್ವಜನಿಕ ಕೆಲಸದಲ್ಲಿ ಇಲ್ಲದೆ ತನ್ನ ಪಾಡಿಗೆ ತಾನಿರುವ ಖಾಸಗಿ ಮನುಷ್ಯನನ್ನು ‘ಇಡಿಯೋಟೇಸ್’ ಎನ್ನುತ್ತಿದ್ದರು. ಮೊದಲಿಗೆ ಅದು ಬೈಗುಳವಾಗಿರಲಿಲ್ಲ. ನಾವು ಇಂದು ಬಳಸುವ ‘ಇಡಿಯಟ್’ ಆಗುವಷ್ಟರಲ್ಲಿ ಆ ಪದ ಬಹಳ ದೂರ ಇಳಿದಿತ್ತು. ಆದರೂ ತನ್ನ ಪಾಡಿಗಿರುವವನ ಬಗ್ಗೆ ಅಥೆನ್ಸಿನವರಿಗೆ ದೊಡ್ಡ ಗೌರವವಿರಲಿಲ್ಲ. ಯುದ್ಧದಲ್ಲಿ ಸತ್ತವರಿಗಾಗಿ ಅಥೆನ್ಸಿನ ನಾಯಕ ಪೆರಿಕ್ಲಿಸ್ ಮಾಡಿದ ಭಾಷಣವನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ. ಊರ ಕೆಲಸದಲ್ಲಿ ಭಾಗವಹಿಸದವನನ್ನು ಬೇರೆಯವರು ಶಾಂತ ಸ್ವಭಾವದವನು ಎಂದಾರು, ನಾವು ಮಾತ್ರ ನಿರುಪಯೋಗಿ ಎನ್ನುತ್ತೇವೆ ಎಂಬ ಅರ್ಥದ ಮಾತು ಅದರಲ್ಲಿದೆ.

ಇದು ಭಾಷಣದ ಅಬ್ಬರ ಮಾತ್ರವೇ? ಅಲ್ಲವೆಂದು ತಿಳಿಯಲು ಅಥೆನ್ಸಿನ ಪೌರನೊಬ್ಬನ ಬದುಕನ್ನು ಹತ್ತಿರದಿಂದ ನೋಡಬೇಕು. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಎಂಬಾತ ಅಲ್ಲಿನ ಜನರನ್ನು ಹತ್ತು ಹೊಸ ಗಣಗಳಾಗಿ ವಿಂಗಡಿಸಿದ. ಪ್ರತಿ ಗಣದಿಂದ 50 ಮಂದಿಯಂತೆ 500 ಜನರ ಒಂದು ಮಂಡಳಿ ರಚನೆಯಾಗುತ್ತಿತ್ತು. ನಗರದ ದಿನನಿತ್ಯದ ಆಡಳಿತವೂ ಜನಸಭೆಯ ಮುಂದೆ ಬರಬೇಕಾದ ವಿಷಯಗಳೂ ಇದರ ಕೈಯಲ್ಲಿದ್ದವು. ಮುಂದೆ ಪ್ರತಿವರ್ಷ ಈ 500 ಮಂದಿಯನ್ನು ಮತ ಹಾಕಿ ಆರಿಸದೆ, ಚೀಟಿ ಎತ್ತುವ ರೀತಿಯಲ್ಲಿ ಅದೃಷ್ಟಕ್ಕೆ ಬಿಟ್ಟು ಆರಿಸತೊಡಗಿದರು. ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಅಲ್ಲಿ ಕೂರುವಂತಿರಲಿಲ್ಲ. ಮಂಡಳಿಯ ಅಧ್ಯಕ್ಷನಂತೂ ಒಂದು ಹಗಲು ಒಂದು ರಾತ್ರಿಗೆ ಮಾತ್ರ ಅಧ್ಯಕ್ಷ. ಅಷ್ಟು ಹೊತ್ತು ನಗರದ ಮುದ್ರೆಯೂ ಹಣ ಮತ್ತು ದಾಖಲೆಗಳಿದ್ದ ಗುಡಿಗಳ ಬೀಗದ ಕೈಗಳೂ ಅವನ ಬಳಿ ಇರುತ್ತಿದ್ದವು. ಇಡೀ ಬದುಕಿನಲ್ಲಿ ಆ ಜವಾಬ್ದಾರಿ ಒಬ್ಬನಿಗೆ ಒಂದೇ ಸಲ. ವಯಸ್ಕ ಪುರುಷ ಪೌರರು ಸುಮಾರು 30 ಸಾವಿರ ಇದ್ದಿರಬಹುದೆಂದು ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸಿನ ಬಗ್ಗೆ ಇತಿಹಾಸಕಾರರ ಅಂದಾಜಿದೆ. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟರೆ, ಕುಂಬಾರನೋ ಆಲಿವ್ ತೋಟದ ರೈತನೋ ಒಂದಲ್ಲ ಒಂದು ವರ್ಷ ಸರ್ಕಾರದ ಒಳಗೆ ಕುಳಿತಿರುತ್ತಿದ್ದ ಸಂಭವ ಎಷ್ಟು ಹೆಚ್ಚಿತ್ತು ಎಂಬುದು ತಿಳಿಯುತ್ತದೆ.

ಇದರ ಜೊತೆಗೆ ಪ್ನಿಕ್ಸ್ ಬೆಟ್ಟದ ಮೇಲೆ ಸೇರುತ್ತಿದ್ದ ಜನಸಭೆ ವರ್ಷಕ್ಕೆ ಸುಮಾರು 40 ಸಲ ನಡೆಯುತ್ತಿತ್ತು. ಮೂವತ್ತು ದಾಟಿದ 6,000 ಜನರನ್ನು ಪ್ರತಿವರ್ಷ ನ್ಯಾಯ ತೀರ್ಮಾನಕ್ಕೆ ನೇಮಿಸುತ್ತಿದ್ದರು. ದಿನಗೂಲಿ ಬಿಟ್ಟು ಬರುವ ಬಡವನಿಗೆ ನಷ್ಟವಾಗದಿರಲೆಂದು ಪೆರಿಕ್ಲಿಸ್ ನ್ಯಾಯದರ್ಶಿಗಳಿಗೆ ಭತ್ಯೆ ಕೊಡುವ ಪದ್ಧತಿ ತಂದ. ಶ್ರೀಮಂತರ ಪಾಲಿಗೆ ಬೇರೆ ಹೊರೆ ಇತ್ತು. ಒಂದು ಯುದ್ಧನೌಕೆಯ ಒಂದು ವರ್ಷದ ಖರ್ಚನ್ನು, ಇಲ್ಲವೇ ಉತ್ಸವದ ನಾಟಕದ ಮೇಳದ ಖರ್ಚನ್ನು ಅವರು ಹೊರಬೇಕಿತ್ತು. ಕ್ರಿ.ಪೂ. 472ರಲ್ಲಿ ಈಸ್ಕಿಲಸನ ನಾಟಕವೊಂದರ ಮೇಳಕ್ಕೆ ಹಣ ಹಾಕಿದವನು ತರುಣ ಪೆರಿಕ್ಲಿಸ್. ಕನ್ನಡಿಗರು ಬಿಎಂಶ್ರೀಯವರ ಮೂಲಕ ‘ಪಾರಸಿಕರು’ ಎಂದು ಬಲ್ಲ ನಾಟಕ ಅದು. ಈ ಹೊರೆ ತನಗಿಂತ ಇನ್ನೊಬ್ಬನಿಗೆ ತಕ್ಕುದು ಎಂದು ಯಾರಿಗಾದರೂ ಅನ್ನಿಸಿದರೆ ಅವನನ್ನು ಹೆಸರಿಸಬಹುದಿತ್ತು. ಹೆಸರಿಸಲ್ಪಟ್ಟವನು ಹೊರೆಯನ್ನು ಹೊರಬೇಕು, ಇಲ್ಲವೇ ಇಬ್ಬರ ಆಸ್ತಿಗಳನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಬೇಕು, ಅದೂ ಇಲ್ಲದಿದ್ದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತಿತ್ತು.

ಅಧಿಕಾರ ಹಿಡಿಯುವ ಮುನ್ನ ನಡೆಯುತ್ತಿದ್ದ ವಿಚಾರಣೆಯಂತೂ ಗಮನಿಸಬೇಕಾದದ್ದು. ಆರ್ಕನ್ ಎಂಬ ಉನ್ನತ ಹುದ್ದೆಗೆ ಬಂದವನಿಗೆ ಆಡಳಿತದ ಬಗ್ಗೆ ಪರೀಕ್ಷೆ ಇರಲಿಲ್ಲ. ನಿನ್ನ ತಂದೆ ಯಾರು, ತಾಯಿ ಯಾರು, ಮನೆತನದ ದೇವರ ಸ್ಥಾನ ಎಲ್ಲಿದೆ, ಹಿರಿಯರ ಸಮಾಧಿಗಳು ಎಲ್ಲಿವೆ, ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಕಟ್ಟುತ್ತೀಯಾ, ಕರೆ ಬಂದಾಗ ಯುದ್ಧಕ್ಕೆ ಹೋಗಿದ್ದೀಯಾ ಎಂದು ಕೇಳುತ್ತಿದ್ದರು. ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಿಯೇ ಕೆಳಗಿಳಿಯಬೇಕಿತ್ತು. ಮನೆಯ ನಡತೆಯನ್ನೂ ಊರಿನ ಕೆಲಸವನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡುವ ದೃಷ್ಟಿ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಈ ಗುಣ ಎಲ್ಲರಲ್ಲೂ ಇರುತ್ತದೆಯೇ?

ಚೀಟಿ ಎತ್ತಿ ಆಳುವವರನ್ನು ಆರಿಸುವುದರ ಹಿಂದೆ ಒಂದು ನಂಬಿಕೆ ಇರಲೇಬೇಕು: ಆಳುವ ಯೋಗ್ಯತೆ ಅಷ್ಟಿಷ್ಟಾದರೂ ಎಲ್ಲರಲ್ಲೂ ಇದೆ ಎಂಬುದು. ಈ ನಂಬಿಕೆಯ ಮೇಲೆಯೇ ದೊಡ್ಡ ವಾದ ನಡೆಯಿತು. ಪ್ಲೇಟೊನ ಸಂವಾದವೊಂದರಲ್ಲಿ ಸಾಕ್ರಟೀಸ್ ಒಂದು ಸರಳ ಸಂಗತಿಯನ್ನು ಎತ್ತುತ್ತಾನೆ. ಜನಸಭೆಯಲ್ಲಿ ಕಟ್ಟಡದ ವಿಷಯ ಬಂದರೆ ಕಟ್ಟುವವರನ್ನು ಕರೆಯುತ್ತಾರೆ, ಹಡಗಿನ ವಿಷಯ ಬಂದರೆ ಹಡಗು ಮಾಡುವವರನ್ನು ಕರೆಯುತ್ತಾರೆ, ಬೇರೆಯವರು ಬಾಯಿ ಹಾಕಿದರೆ ಗದ್ದಲ ಮಾಡಿ ಕೂರಿಸುತ್ತಾರೆ. ನಗರವನ್ನು ಹೇಗೆ ಆಳಬೇಕು ಎಂಬ ಮಾತು ಬಂದಾಗ ಮಾತ್ರ ಬಡಗಿ, ಕಮ್ಮಾರ, ಚಮ್ಮಾರ, ವರ್ತಕ, ಬಡವ, ಬಲ್ಲಿದ ಎಲ್ಲರೂ ಎದ್ದು ನಿಲ್ಲುತ್ತಾರೆ. ನೀನು ಯಾರ ಬಳಿ ಕಲಿತೆ ಎಂದು ಯಾರೂ ಕೇಳುವುದಿಲ್ಲ. ಇದು ಸರಿಯೇ?

ಪ್ರೊಟಾಗೊರಸ್ ಎಂಬ ಪ್ರಸಿದ್ಧ ಬೋಧಕ ಕಥೆಯ ಮೂಲಕ ಉತ್ತರಿಸುತ್ತಾನೆ. ಆದಿಯಲ್ಲಿ ಮನುಷ್ಯರಿಗೆ ಬೆಂಕಿಯಿತ್ತು, ಕೈಕಸುಬುಗಳಿದ್ದವು, ಆದರೆ ಒಟ್ಟಿಗೆ ಬಾಳುವ ಕಲೆ ಇರಲಿಲ್ಲ. ಒಂದೆಡೆ ಸೇರಿದಾಗಲೆಲ್ಲ ಒಬ್ಬರನ್ನೊಬ್ಬರು ಹಿಂಸಿಸಿ ಚದುರಿಹೋಗುತ್ತಿದ್ದರು. ಆಗ ದೇವರಾಜ ಸ್ಯೂಸ್ ತನ್ನ ದೂತನ ಕೈಯಲ್ಲಿ ಲಜ್ಜೆ ಮತ್ತು ನ್ಯಾಯಬುದ್ಧಿ ಎಂಬ ಎರಡು ಕೊಡುಗೆಗಳನ್ನು ಕಳಿಸಿದ. ವೈದ್ಯವಿದ್ಯೆಯಂತೆ ಇವನ್ನೂ ಕೆಲವರಿಗಷ್ಟೇ ಕೊಡಲೇ ಎಂದು ದೂತ ಕೇಳಿದಾಗ, ಎಲ್ಲರಿಗೂ ಹಂಚು, ಕೆಲವರಲ್ಲಿ ಮಾತ್ರ ಇದ್ದರೆ ನಗರಗಳು ನಿಲ್ಲಲಾರವು ಎಂದು ಸ್ಯೂಸ್ ಹೇಳಿದ. ಪ್ರಜಾಪ್ರಭುತ್ವದ ಪರವಾಗಿ ಪ್ರಾಚೀನ ಕಾಲದಿಂದ ನಮಗೆ ಬಂದಿರುವ ವಾದಗಳಲ್ಲಿ ನನ್ನ ಎಣಿಕೆಯಂತೆ ಇದರಷ್ಟು ಆಳವಾದವು ಕಡಿಮೆ. ಅದು ಪ್ರಜಾಪ್ರಭುತ್ವವನ್ನು ಒಪ್ಪದ ಪ್ಲೇಟೊನ ಬರಹದಲ್ಲೇ ಉಳಿದುಬಂದಿದೆ ಎಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಪ್ಲೇಟೊ ತಾನು ಕೊಡುವ ಚಿತ್ರ ಬೇರೆ. ಒಂದು ಹಡಗು, ಅದರ ಒಡೆಯನಿಗೆ ಕಿವಿ ಮಂದ, ಕಣ್ಣು ಮಂದ, ಚುಕ್ಕಾಣಿ ಹಿಡಿಯುವ ವಿದ್ಯೆ ಎಂಬುದೇ ಇಲ್ಲವೆಂದು ವಾದಿಸುತ್ತ ನಾವಿಕರೆಲ್ಲ ಚುಕ್ಕಾಣಿಗಾಗಿ ಬಡಿದಾಡುತ್ತಾರೆ, ನಕ್ಷತ್ರಗಳನ್ನೂ ಗಾಳಿಯನ್ನೂ ಬಲ್ಲ ನಿಜವಾದ ಚಾಲಕನನ್ನು ಆಕಾಶ ನೋಡುವವನೆಂದು ಹೀಯಾಳಿಸುತ್ತಾರೆ. ಅವನ ಆದರ್ಶ ನಗರದಲ್ಲಿ ವಿವೇಕ ಆಳುವವರ ಗುಣ, ಧೈರ್ಯ ಕಾಯುವವರ ಗುಣ, ಸಂಯಮ ಎಲ್ಲರೂ ಒಪ್ಪಿ ನಡೆಯುವ ಗುಣ. ಪ್ರತಿಯೊಬ್ಬನೂ ತನಗೆ ಒಪ್ಪುವ ಕೆಲಸವನ್ನೇ ಮಾಡುವುದು ನ್ಯಾಯ. ಈ ನಾಲ್ಕರ ಪಟ್ಟಿ ಮುಂದೆ ರೋಮಿಗೂ ಹೋಯಿತು.

ಅರಿಸ್ಟಾಟಲ್: ಗುಣವೆಂಬುದು ರೂಢಿ

ಪ್ಲೇಟೊನ ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384–322) ಈ ಚರ್ಚೆಯನ್ನು ನೆಲಕ್ಕೆ ಇಳಿಸಿದ. ಮನುಷ್ಯ ಸ್ವಭಾವತಃ ಪೋಲಿಸ್‌ನಲ್ಲಿ ಬಾಳುವ ಪ್ರಾಣಿ ಎಂಬ ಅವನ ಮಾತು ಪ್ರಸಿದ್ಧ. ಅದರ ಕಾರಣವನ್ನು ಅವನು ಮಾತಿನಲ್ಲಿ ಹುಡುಕುತ್ತಾನೆ. ಜೇನ್ನೊಣಗಳೂ ಗುಂಪಾಗಿ ಬಾಳುತ್ತವೆ, ಪ್ರಾಣಿಗಳೂ ನೋವುನಲಿವುಗಳನ್ನು ದನಿಯಿಂದ ತಿಳಿಸುತ್ತವೆ. ಆದರೆ ಇದು ನ್ಯಾಯ, ಇದು ಅನ್ಯಾಯ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ವಾದಿಸಬಲ್ಲದ್ದು ಮನುಷ್ಯ ಮಾತ್ರ, ಆ ವಾದ ನಡೆಯಲು ಬೇಕಾದ ಜಾಗವೇ ನಗರ.

ಕರ್ತವ್ಯ ಮಾಡುವ ಮನಸ್ಸು ಎಲ್ಲಿಂದ ಬರುತ್ತದೆ ಎಂಬ ನಮ್ಮ ಮೊದಲ ಪ್ರಶ್ನೆಗೆ ಅವನ ಉತ್ತರ ನೇರವಾಗಿದೆ. ಮನೆ ಕಟ್ಟುತ್ತ ಕಟ್ಟುತ್ತ ಮನೆ ಕಟ್ಟುವವರಾಗುತ್ತೇವೆ, ವಾದ್ಯ ನುಡಿಸುತ್ತ ನುಡಿಸುತ್ತ ವಾದಕರಾಗುತ್ತೇವೆ. ಹಾಗೆಯೇ ನ್ಯಾಯವಾದ ಕೆಲಸಗಳನ್ನು ಮಾಡುತ್ತ ನ್ಯಾಯವಂತರಾಗುತ್ತೇವೆ, ಧೈರ್ಯದ ಕೆಲಸಗಳನ್ನು ಮಾಡುತ್ತ ಧೈರ್ಯವಂತರಾಗುತ್ತೇವೆ. ದಡದ ಮೇಲೆ ನಿಂತು ಎಷ್ಟು ಪಾಠ ಕೇಳಿದರೂ ಈಜು ಬರುವುದಿಲ್ಲ, ಕೆರೆಗೆ ಇಳಿಯಬೇಕು. ಆದ್ದರಿಂದ ಒಳ್ಳೆಯ ಶಾಸನಕಾರನ ಕೆಲಸ ಜನರಿಗೆ ಒಳ್ಳೆಯ ರೂಢಿಗಳನ್ನು ಹಚ್ಚುವುದು. ಈ ಮಾತನ್ನು ಹಿಡಿದು ಅಥೆನ್ಸಿನ ಕಡೆ ಮತ್ತೆ ತಿರುಗಿದರೆ, ಆ ಚೀಟಿ ಎತ್ತುವಿಕೆ, ಆ ಭತ್ಯೆ, ಆ ಒಂದು ದಿನದ ಅಧ್ಯಕ್ಷತೆ ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ. ಗುಣವಂತರನ್ನು ಹುಡುಕಿ ಕೆಲಸ ಕೊಟ್ಟರು ಎನ್ನುವುದಕ್ಕಿಂತ, ಕೆಲಸ ಕೊಟ್ಟು ಗುಣವನ್ನು ಬೆಳೆಸಿದರು ಎನ್ನುವುದು ಹೆಚ್ಚು ಸರಿ.

ಅವನ ಪ್ರಕಾರ ಗುಣ ಎರಡು ಅತಿರೇಕಗಳ ನಡುವೆ ಇರುತ್ತದೆ. ಹೇಡಿತನ ಒಂದು ತುದಿ, ಹುಂಬತನ ಇನ್ನೊಂದು ತುದಿ, ನಡುವಿನದು ಧೈರ್ಯ. ಆದರೆ ನಡು ಎಂದರೆ ಅಳತೆಪಟ್ಟಿಯ ಮಧ್ಯಬಿಂದುವಲ್ಲ. ಪೈಲ್ವಾನನಿಗೆ ಸಾಕಾಗುವ ಊಟ ಈಗಷ್ಟೇ ಗರಡಿಗೆ ಬಂದ ಹುಡುಗನಿಗೆ ಹೆಚ್ಚಾಗುತ್ತದೆ ಎಂದು ಅವನೇ ಹೇಳುತ್ತಾನೆ. ಯಾರಿಗೆ, ಯಾವಾಗ, ಎಷ್ಟು ಎಂದು ತೂಗಿನೋಡುವ ವಿವೇಕ ಬೇಕು.

ಇಲ್ಲಿಗೆ ಈ ಲೇಖನದ ನಡುಗಂಬದಂಥ ಪ್ರಶ್ನೆ ಬರುತ್ತದೆ. ಒಳ್ಳೆಯ ಮನುಷ್ಯನೂ ಒಳ್ಳೆಯ ಪೌರನೂ ಒಬ್ಬನೇ? ಅರಿಸ್ಟಾಟಲ್ ಕೂಡ ಹಡಗಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತಾನೆ, ಆದರೆ ಅವನ ಹಡಗಿನಲ್ಲಿ ಜಗಳವಿಲ್ಲ. ಒಬ್ಬ ಹುಟ್ಟು ಹಾಕುತ್ತಾನೆ, ಒಬ್ಬ ಚುಕ್ಕಾಣಿ ಹಿಡಿಯುತ್ತಾನೆ, ಒಬ್ಬ ಮುಂದೆ ನಿಂತು ದಾರಿ ನೋಡುತ್ತಾನೆ. ಕೆಲಸಗಳು ಬೇರೆ, ಆದರೆ ಹಡಗು ಸುಖವಾಗಿ ದಡ ಸೇರಬೇಕೆಂಬ ಗುರಿ ಎಲ್ಲರದೂ. ಪೌರರಿಗೂ ಹಾಗೆಯೇ ತಮ್ಮ ರಾಜ್ಯವ್ಯವಸ್ಥೆ ಉಳಿಯಬೇಕೆಂಬುದು ಸಾಮಾನ್ಯ ಗುರಿ. ಆದರೆ ರಾಜ್ಯವ್ಯವಸ್ಥೆಗಳು ಹಲವು ಬಗೆ. ಒಂದು ಕಡೆ ಒಳ್ಳೆಯ ಪೌರನೆನಿಸಿಕೊಂಡವನು ಇನ್ನೊಂದು ಕಡೆ ಹಾಗೆನಿಸಿಕೊಳ್ಳಲಾರ. ಮನುಷ್ಯನ ಒಳ್ಳೆಯತನವಾದರೋ ಎಲ್ಲೆಡೆಯೂ ಒಂದೇ. ಆದ್ದರಿಂದ ಇವೆರಡೂ ಒಂದೇ ಅಲ್ಲ ಎಂಬುದು ಅವನ ತೀರ್ಮಾನ. ಅತ್ಯುತ್ತಮ ನಗರದಲ್ಲಿ, ಆಳುವುದನ್ನೂ ಆಳಿಸಿಕೊಳ್ಳುವುದನ್ನೂ ಸರದಿಯ ಮೇಲೆ ಕಲಿತ ಪೌರನಲ್ಲಿ ಮಾತ್ರ ಅವೆರಡೂ ಕೂಡಬಹುದು.

ಜನರ ಒಟ್ಟು ತೀರ್ಮಾನದ ಬಗ್ಗೆ ಅವನಿಗೆ ತನ್ನ ಗುರುವಿಗಿಂತ ಹೆಚ್ಚು ವಿಶ್ವಾಸವಿತ್ತು. ಒಬ್ಬನೇ ಖರ್ಚು ಹಾಕಿ ಮಾಡಿಸಿದ ಊಟಕ್ಕಿಂತ, ಪ್ರತಿಯೊಬ್ಬರೂ ಒಂದೊಂದು ತಂದು ಸೇರಿಸಿದ ಊಟ ಮೇಲಾಗಿರಬಹುದು ಎನ್ನುತ್ತಾನೆ. ಒಬ್ಬೊಬ್ಬರಾಗಿ ನೋಡಿದರೆ ಸಾಧಾರಣರಾದ ಹಲವರು ಒಟ್ಟು ಕುಳಿತು ಯೋಚಿಸಿದಾಗ ಒಬ್ಬ ಜಾಣನಿಗಿಂತ ಚೆನ್ನಾಗಿ ತೀರ್ಮಾನಿಸಬಲ್ಲರು.

ನಗರವೇ ತಪ್ಪಿದಾಗ

ಒಳ್ಳೆಯ ಮನುಷ್ಯ, ಒಳ್ಳೆಯ ಪೌರ ಇಬ್ಬರೂ ಬೇರೆಯಾಗಬಹುದು ಎಂಬುದನ್ನು ಅಥೆನ್ಸ್ ಅರಿಸ್ಟಾಟಲ್ ಹುಟ್ಟುವ ಮೊದಲೇ ಕಣ್ಣಾರೆ ಕಂಡಿತ್ತು. ಕ್ರಿ.ಪೂ. 406ರಲ್ಲಿ ಆರ್ಗಿನೂಸೈ ಬಳಿ ಅದರ ನೌಕಾಪಡೆ ಗೆದ್ದಿತು, ಆದರೆ ಬಿರುಗಾಳಿಯಿಂದಾಗಿ ಒಡೆದ ಹಡಗುಗಳ ನಾವಿಕರನ್ನು ಕಾಪಾಡಲಾಗಲಿಲ್ಲ. ಸಿಟ್ಟಿಗೆದ್ದ ಜನಸಭೆ ಎಂಟು ಸೇನಾಪತಿಗಳನ್ನು ಒಟ್ಟಿಗೆ, ಒಂದೇ ಮತದಲ್ಲಿ ತೀರ್ಮಾನಿಸಲು ಹೊರಟಿತು. ಕಾನೂನಿನ ಪ್ರಕಾರ ಪ್ರತಿಯೊಬ್ಬನ ವಿಚಾರಣೆ ಬೇರೆಬೇರೆಯಾಗಿ ನಡೆಯಬೇಕಿತ್ತು. ಆ ಸಮಯದಲ್ಲಿ ಮಂಡಳಿಯ ಕೆಲಸ ನಡೆಸುವ ಸರದಿಯಲ್ಲಿದ್ದ ಗಣದ 50 ಜನರಲ್ಲಿ ಸಾಕ್ರಟೀಸನೂ ಒಬ್ಬ. ಇದು ಕಾನೂನಿಗೆ ವಿರುದ್ಧ ಎಂದು ಅವನು ಒಪ್ಪಲಿಲ್ಲ, ಉಳಿದವರು ಮಣಿದರು. ಊರಿನಲ್ಲಿದ್ದ ಆರು ಮಂದಿಗೆ ಮರಣದಂಡನೆಯಾಯಿತು. ಅವರಲ್ಲಿ ಒಬ್ಬ ಪೆರಿಕ್ಲಿಸನ ಮಗ, ಅವನ ಹೆಸರೂ ಪೆರಿಕ್ಲಿಸ್.

ಎರಡು ವರ್ಷಗಳ ನಂತರ ಪ್ರಜಾಪ್ರಭುತ್ವ ಉರುಳಿ, ಮೂವತ್ತು ಜನರ ಗುಂಪೊಂದು ಅಧಿಕಾರ ಹಿಡಿಯಿತು. ಅವರು ಐವರನ್ನು ಕರೆದು, ಸಲಾಮಿಸ್‌ನ ಲಿಯೋನ್ ಎಂಬವನನ್ನು ಕೊಲ್ಲಲೆಂದು ಹಿಡಿದು ತರುವಂತೆ ಆಜ್ಞಾಪಿಸಿದರು. ನಾಲ್ವರು ಹೋದರು. ಐದನೆಯವನಾದ ಸಾಕ್ರಟೀಸ್ ನೇರವಾಗಿ ಮನೆಗೆ ಹೋದ. ಒಂದು ಸಲ ಜನರ ಆಳ್ವಿಕೆಯನ್ನು, ಇನ್ನೊಂದು ಸಲ ಕೆಲವರ ಆಳ್ವಿಕೆಯನ್ನು ಅವನು ಒಂದೇ ರೀತಿ ಎದುರಿಸಿದ ಎಂಬುದು ಇಲ್ಲಿ ಮುಖ್ಯ.

ಆದರೆ ಕ್ರಿ.ಪೂ. 399ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅದೇ ನಗರ ಅವನಿಗೆ ಮರಣದಂಡನೆ ವಿಧಿಸಿದಾಗ ಅವನು ಸೆರೆಮನೆಯಿಂದ ಓಡಿಹೋಗಲು ಒಪ್ಪಲಿಲ್ಲ. ಗೆಳೆಯ ಕ್ರಿಟೊ ಎಲ್ಲ ಏರ್ಪಾಡು ಮಾಡಿ ಬಂದಿದ್ದ. ನಗರದ ಕಾನೂನುಗಳೇ ಮುಂದೆ ಬಂದು ನಿಂತು, ನಮ್ಮ ಆಶ್ರಯದಲ್ಲಿ ಹುಟ್ಟಿ ಬೆಳೆದೆ, ಎಪ್ಪತ್ತು ವರ್ಷ ಇಲ್ಲಿಯೇ ಉಳಿದೆ, ನಮ್ಮನ್ನು ಒಲಿಸಿ ಬದಲಾಯಿಸಬಹುದಿತ್ತು, ಅದಾಗದಿದ್ದರೆ ಪಾಲಿಸಬೇಕಿತ್ತು ಎಂದು ಕೇಳಿದರೆ ಏನು ಹೇಳಲಿ ಎಂದು ಅವನು ಕೇಳುತ್ತಾನೆ. ಮೇಲಿನ ಎರಡು ಪ್ರಸಂಗಗಳಿಗೂ ಇದಕ್ಕೂ ವಿರೋಧವಿದೆಯೆಂದು ಅನ್ನಿಸಬಹುದು. ವಿದ್ವಾಂಸರು ಇಂದಿಗೂ ಇದನ್ನು ಚರ್ಚಿಸುತ್ತಾರೆ. ನನಗೆ ಕಾಣುವ ಭೇದ ಇದು: ಬೇರೆಯವರಿಗೆ ಅನ್ಯಾಯ ಮಾಡು ಎಂದಾಗ ಅವನು ಮಾಡಲಿಲ್ಲ, ಅನ್ಯಾಯ ತನ್ನ ಮೇಲೆ ಬಂದಾಗ ಅದನ್ನು ತಪ್ಪಿಸಿಕೊಳ್ಳಲು ಕಾನೂನನ್ನು ಮುರಿಯಲಿಲ್ಲ.

ರೋಮ್: ಪುರುಷತ್ವದಿಂದ ಕರ್ತವ್ಯಕ್ಕೆ

ರೋಮನ್ನರ ಪದ ‘ವಿರ್ತುಸ್’. ಅದರ ಮೂಲ ‘ವಿರ್’, ಅಂದರೆ ಗಂಡಸು. ನಮ್ಮ ‘ವೀರ’ ಶಬ್ದಕ್ಕೆ ಇದು ಭಾಷಾಸಂಬಂಧದಲ್ಲಿ ದಾಯಾದಿ. ಮೊದಲಿಗೆ ಈ ಪದ ರಣರಂಗದ ಶೌರ್ಯವನ್ನೇ ಸೂಚಿಸುತ್ತಿತ್ತು. ಕ್ರಿ.ಪೂ. 509ರಲ್ಲಿ ರಾಜರನ್ನು ಓಡಿಸಿದರೆಂದು ಸಂಪ್ರದಾಯ ಹೇಳುವ ಈ ಜನ ತಮ್ಮ ರಾಜ್ಯವನ್ನು ‘ರೆಸ್ ಪುಬ್ಲಿಕ’ ಎಂದು ಕರೆದರು. ಜನರಿಗೆ ಸೇರಿದ ಸ್ವತ್ತು ಎಂದು ಅದರ ಅರ್ಥ. ಸ್ವತ್ತು ಸಾರ್ವಜನಿಕವಾದ್ದರಿಂದ ಅದನ್ನು ಯಾರೂ ಬಹುಕಾಲ ಹಿಡಿದಿಟ್ಟುಕೊಳ್ಳಬಾರದು. ವರ್ಷಕ್ಕೆ ಇಬ್ಬರು ಮುಖ್ಯ ಅಧಿಕಾರಿಗಳು, ಅಂದರೆ ಕಾನ್ಸಲ್‌ಗಳು, ಒಬ್ಬರನ್ನೊಬ್ಬರು ತಡೆಯಬಲ್ಲವರು. ರೋಮಿನ ಮಕ್ಕಳು ಕೇಳಿ ಬೆಳೆದ ಕಥೆಗಳೂ ಇದನ್ನೇ ಹೇಳುತ್ತವೆ. ಇತಿಹಾಸಕಾರ ಲಿವಿ ಬರೆದಂತೆ, ಕ್ರಿ.ಪೂ. 458ರಲ್ಲಿ ಶತ್ರುಗಳು ಸೈನ್ಯವನ್ನು ಮುತ್ತಿದಾಗ ಹಿರಿಯರ ಆಡಳಿತ ಸಭೆಯಾದ ಸೆನೆಟಿನ ದೂತರು ಸಿನ್ಸಿನ್ನಾಟಸ್‌ನನ್ನು ಅವನ ಪುಟ್ಟ ಹೊಲದಲ್ಲಿ ದುಡಿಯುತ್ತಿದ್ದಾಗ ಕಂಡು ಸರ್ವಾಧಿಕಾರ ಕೊಟ್ಟರು. ಆರು ತಿಂಗಳಿಗೆಂದು ಕೊಟ್ಟ ಅಧಿಕಾರವನ್ನು ಅವನು ಯುದ್ಧ ಗೆದ್ದು, ಹದಿನಾರನೆಯ ದಿನಕ್ಕೇ ಬಿಟ್ಟುಕೊಟ್ಟ.

ಕಥೆಗಳ ಜೊತೆಗೆ ಕಾವಲೂ ಇತ್ತು. ಐದು ವರ್ಷಕ್ಕೊಮ್ಮೆ ಇಬ್ಬರು ‘ಸೆನ್ಸಾರ್’ಗಳು ಪೌರರ ಗಣತಿ ಮಾಡಿ, ಆಸ್ತಿಯ ವಿವರವನ್ನು ಪ್ರಮಾಣದ ಮೇಲೆ ಬರೆದುಕೊಳ್ಳುತ್ತಿದ್ದರು, ಅದೇ ಹೊತ್ತಿನಲ್ಲಿ ಅವರ ನಡತೆಯನ್ನೂ ತೂಗಿ, ಸೆನೆಟಿನ ಸದಸ್ಯನನ್ನು ಪಟ್ಟಿಯಿಂದ ಹೊಡೆದುಹಾಕುವ ಅಧಿಕಾರವೂ ಅವರಿಗಿತ್ತು. ನಾವಿಂದು ಚಲನಚಿತ್ರಗಳ ಸಂದರ್ಭದಲ್ಲಿ ಕೇಳುವ ‘ಸೆನ್ಸಾರ್’ ಪದ ಹುಟ್ಟಿದ್ದು ಹೀಗೆ. ಕ್ರಿ.ಪೂ. 184ರಲ್ಲಿ ಆ ಹುದ್ದೆಯಲ್ಲಿದ್ದ ಕೇಟೊ, ಔತಣದ ಹೊತ್ತಿನಲ್ಲಿ ತನ್ನ ಪ್ರಿಯಪಾತ್ರನನ್ನು ಮೆಚ್ಚಿಸಲು ಒಬ್ಬ ಮನುಷ್ಯನನ್ನು ಕೊಂದ ಆರೋಪದ ಮೇಲೆ, ಕಾನ್ಸಲ್ ಆಗಿದ್ದವನೊಬ್ಬನನ್ನೇ ಸೆನೆಟಿನಿಂದ ಹೊರಹಾಕಿದ.

ರೋಮಿನಲ್ಲಿ ಗುಣ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿದ್ದ ಬಗೆಯನ್ನು ಚೆನ್ನಾಗಿ ಕಂಡು ಬರೆದವನು ಒಬ್ಬ ಗ್ರೀಕ್. ಕ್ರಿ.ಪೂ. 167ರಲ್ಲಿ ಒತ್ತೆಯಾಳಾಗಿ ರೋಮಿಗೆ ಬಂದ ಪಾಲಿಬಿಯಸ್ ಅಲ್ಲಿನ ದೊಡ್ಡ ಮನೆತನದ ಶವಯಾತ್ರೆಯೊಂದನ್ನು ವರ್ಣಿಸುತ್ತಾನೆ. ಸತ್ತ ಹಿರಿಯರ ಮುಖವಾಡಗಳನ್ನು ಮನೆಯಲ್ಲಿ ಗುಡಿಯಂಥ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರು. ಯಾರಾದರೂ ತೀರಿಕೊಂಡಾಗ ಆ ಹಿರಿಯರ ಎತ್ತರ, ಮೈಕಟ್ಟಿಗೆ ಹೋಲುವವರು ಮುಖವಾಡ ಧರಿಸಿ, ಅವರವರ ಪದವಿಗೆ ತಕ್ಕ ಉಡುಪು ತೊಟ್ಟು, ರಥಗಳಲ್ಲಿ ಚೌಕಕ್ಕೆ ಬಂದು ದಂತದ ಪೀಠಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಮಗ ಎದ್ದುನಿಂತು ತಂದೆಯ ಸಾಧನೆಯನ್ನೂ, ಆಮೇಲೆ ಅಲ್ಲಿ ಕುಳಿತ ಒಬ್ಬೊಬ್ಬ ಹಿರಿಯನ ಸಾಧನೆಯನ್ನೂ ಹೇಳುತ್ತಿದ್ದ. ಕೀರ್ತಿಯನ್ನು ಬಯಸುವ ಯುವಕನಿಗೆ ಇದಕ್ಕಿಂತ ಮಿಗಿಲಾದ ನೋಟ ಯಾವುದಿದ್ದೀತು ಎಂದು ಪಾಲಿಬಿಯಸ್ ಕೇಳುತ್ತಾನೆ.

ಸಿಸೆರೊ ಮಗನಿಗೆ ಬರೆದದ್ದು

ಸಿಸೆರೊನ (ಕ್ರಿ.ಪೂ. 106–43) ಮನೆಯಲ್ಲಿ ಅಂಥ ಮುಖವಾಡಗಳಿರಲಿಲ್ಲ. ಆರ್ಪಿನಮ್ ಎಂಬ ಸಣ್ಣ ಊರಿನವನು. ಮನೆತನದಲ್ಲಿ ಮೊದಲಿಗನಾಗಿ, ಮಾತಿನ ಬಲದಿಂದ ಕ್ರಿ.ಪೂ. 63ರಲ್ಲಿ ಕಾನ್ಸಲ್ ಆದ. ಕ್ರಿ.ಪೂ. 44ರ ಮಾರ್ಚಿನಲ್ಲಿ ಸೀಸರನ ಕೊಲೆಯಾಗಿ ರೋಮ್ ಅಲ್ಲೋಲಕಲ್ಲೋಲವಾಗಿದ್ದಾಗ, ಅದೇ ವರ್ಷದ ಕೊನೆಯ ಭಾಗದಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗ ಮಾರ್ಕಸ್‌ನನ್ನು ಉದ್ದೇಶಿಸಿ ಅವನು ಕರ್ತವ್ಯಗಳ ಕುರಿತು ಮೂರು ಭಾಗಗಳ ಗ್ರಂಥ ಬರೆದ. ಕರ್ತವ್ಯಕ್ಕೆ ಅವನು ಬಳಸಿದ ಲ್ಯಾಟಿನ್ ಪದ ‘ಒಫಿಕಿಯುಮ್’. ನಾವು ದಿನವೂ ಹೋಗಿಬರುವ ‘ಆಫೀಸು’ ಹುಟ್ಟಿದ್ದು ಈ ಪದದಿಂದ.

ಗ್ರೀಕರ ನಾಲ್ಕು ಗುಣಗಳನ್ನು ಅವನು ತೆಗೆದುಕೊಂಡ, ಆದರೆ ತೂಕವನ್ನೆಲ್ಲ ನ್ಯಾಯದ ಕಡೆಗೆ ಹಾಕಿದ. ಅನ್ಯಾಯ ಎರಡು ಬಗೆ ಎನ್ನುತ್ತಾನೆ: ತಾನೇ ಮಾಡುವವನದು ಒಂದು, ತಡೆಯಬಲ್ಲವನಾಗಿದ್ದೂ ತಡೆಯದೆ ಸುಮ್ಮನಿರುವವನದು ಇನ್ನೊಂದು. ತನ್ನ ಕೆಲಸ, ತನ್ನ ಓದು ಎಂದು ಯಾರಿಗೂ ಕೇಡು ಮಾಡದೆ ಬದುಕುವವನು ಮೊದಲ ಅನ್ಯಾಯದಿಂದ ಪಾರಾದರೂ ಎರಡನೆಯದರಲ್ಲಿ ಬೀಳುತ್ತಾನೆ. ಪೆರಿಕ್ಲಿಸ್ ನಿರುಪಯೋಗಿ ಎಂದವನನ್ನೇ ಸಿಸೆರೊ ಅನ್ಯಾಯದಲ್ಲಿ ಪಾಲುದಾರ ಎನ್ನುತ್ತಿದ್ದಾನೆ.

ಅವನು ಚರ್ಚಿಸುವ ಒಂದು ಪ್ರಸಂಗ ಇಂದಿನ ಮಂಡಿ ವ್ಯಾಪಾರಿಗೂ ಅರ್ಥವಾಗುವಂಥದ್ದು. ರೋಡ್ಸ್ ದ್ವೀಪದಲ್ಲಿ ಬರ ಬಿದ್ದು ಧಾನ್ಯದ ಬೆಲೆ ಏರಿದೆ. ಒಬ್ಬ ಪ್ರಾಮಾಣಿಕ ವರ್ತಕ ಅಲೆಕ್ಸಾಂಡ್ರಿಯಾದಿಂದ ಹಡಗು ತುಂಬ ಧಾನ್ಯ ತರುತ್ತಾನೆ. ಇನ್ನೂ ಹಲವು ಧಾನ್ಯದ ಹಡಗುಗಳು ಹಿಂದೆಯೇ ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ಈ ಸುದ್ದಿಯನ್ನು ಹೇಳಬೇಕೇ, ಅಥವಾ ಸುಮ್ಮನಿದ್ದು ಸಿಕ್ಕಷ್ಟು ಬೆಲೆಗೆ ಮಾರಬಹುದೇ? ಸ್ಟೋಯಿಕ್ ಎಂಬ ತತ್ವಪಂಥದ ಇಬ್ಬರು ಹಿರಿಯರ ವಾದವನ್ನು ಸಿಸೆರೊ ಎದುರುಬದುರು ಇಡುತ್ತಾನೆ. ಸರಕಿನ ದೋಷವನ್ನು ಕಾನೂನು ಕೇಳುವಷ್ಟು ಹೇಳಿದರೆ ಸಾಕು, ಹೇಳದಿರುವುದಕ್ಕೂ ಮುಚ್ಚಿಡುವುದಕ್ಕೂ ವ್ಯತ್ಯಾಸವಿದೆ ಎಂಬುದು ಬ್ಯಾಬಿಲೋನಿನ ಡಯೋಜನೀಸನ ಪಕ್ಷ. ಮನುಷ್ಯರ ಹಿತಕ್ಕೆಂದೇ ಹುಟ್ಟಿದವನು, ಬಡಜನಕ್ಕೆ ತಿಳಿಯಬೇಕಾದದ್ದನ್ನು ಹೇಗೆ ತ‍ನ್ನಲ್ಲೇ ಇಟ್ಟುಕೊಳ್ಳಬಲ್ಲ ಎಂಬುದು ಆಂಟಿಪೇಟರನ ಪಕ್ಷ. ಸಿಸೆರೊ ಎರಡನೆಯದರ ಕಡೆ ನಿಲ್ಲುತ್ತಾನೆ: ನಿನಗೆ ತಿಳಿದಿರುವುದು ಬೇರೆಯವರಿಗೆ ತಿಳಿಯದಿರಲಿ ಎಂದು ನಿನ್ನ ಲಾಭಕ್ಕಾಗಿ ಬಯಸುವುದೇ ಮುಚ್ಚಿಡುವುದು. ಪೌರಕರ್ತವ್ಯ ಸಭೆಯಲ್ಲೋ ಯುದ್ಧದಲ್ಲೋ ಮುಗಿಯದೆ ಸಂತೆಯ ವ್ಯವಹಾರದವರೆಗೂ ಬರುತ್ತದೆ ಎಂಬುದು ಇಲ್ಲಿ ಸ್ಪಷ್ಟ.

ಬರೆದವನ ಬದುಕು ಬರಹದಷ್ಟು ನೇರವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾನ್ಸಲ್ ಆಗಿದ್ದಾಗ ಸಂಚುಕೋರರಾದ ರೋಮನ್ ಪೌರರನ್ನು ಅವನು ವಿಚಾರಣೆಯಿಲ್ಲದೆ ಕೊಲ್ಲಿಸಿದ, ಅದಕ್ಕಾಗಿ ಕ್ರಿ.ಪೂ. 58ರಲ್ಲಿ ದೇಶ ಬಿಡಬೇಕಾಯಿತು. ಗ್ರಂಥ ಬರೆದ ಮರುವರ್ಷ, ಡಿಸೆಂಬರ್ 7ರಂದು, ಸೀಸರನ ಸಂಗಡಿಗನಾಗಿದ್ದ ಆಂಟನಿಯ ಕಡೆಯವರು ಅವನನ್ನು ಕೊಂದರು. ಗಣರಾಜ್ಯವೂ ಹೆಚ್ಚು ಕಾಲ ಉಳಿಯಲಿಲ್ಲ.

ಯಾರು ಪೌರ, ಯಾರು ಅಲ್ಲ?

ಇಷ್ಟು ಹೊತ್ತು ‘ಎಲ್ಲರೂ’ ಎಂದು ಬಂದ ಕಡೆಯಲ್ಲೆಲ್ಲ ಒಂದು ತಿದ್ದುಪಡಿ ಬೇಕು. ಅಥೆನ್ಸಿನ ಹೆಂಗಸರು ಸಭೆಗೆ ಬರುವಂತಿರಲಿಲ್ಲ. ಗುಲಾಮರು ಗಣಿಗಳಲ್ಲೂ ಮನೆಗಳಲ್ಲೂ ದುಡಿಯುತ್ತಿದ್ದುದರಿಂದಲೇ ಎಷ್ಟೋ ಪೌರರಿಗೆ ಸಭೆಗೆ ಹೋಗುವ ಬಿಡುವು ಸಿಗುತ್ತಿತ್ತು. ಇನ್ನೊಂದು ಗ್ರೀಕ್ ನಗರರಾಜ್ಯವಾದ ಸ್ಪಾರ್ಟಾದಲ್ಲಿ ಏಳನೆಯ ವಯಸ್ಸಿನಿಂದ ಹುಡುಗರಿಗೆ ಕೊಡುತ್ತಿದ್ದ ಕಠಿಣ ತರಬೇತಿ ಹೆಲಟ್ ಎಂಬ ಜೀತದ ರೈತರ ಬೆವರಿನ ಮೇಲೆ ನಿಂತಿತ್ತು. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸನೇ ತಂದ ಕಾನೂನಿನ ಪ್ರಕಾರ ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗ ಪೌರ. ಉತ್ತರದ ಸ್ಟಗೀರಾದಿಂದ ಬಂದ ಅರಿಸ್ಟಾಟಲ್ ಕೂಡ ಅಥೆನ್ಸಿನಲ್ಲಿ ಪರಸ್ಥಳದ ನಿವಾಸಿಯಾಗಿಯೇ ಉಳಿದ. ಪೌರನೆಂದರೆ ನ್ಯಾಯ ತೀರ್ಮಾನದಲ್ಲೂ ಅಧಿಕಾರದಲ್ಲೂ ಪಾಲುಳ್ಳವನು ಎಂದು ವ್ಯಾಖ್ಯಾನಿಸಿದವನಿಗೆ ಆ ಪಾಲು ಇರಲಿಲ್ಲ. ಹೀಗಿದ್ದೂ ಅವನು ಹೆಂಗಸರನ್ನೂ ಗುಲಾಮರನ್ನೂ ಕೈಕೆಲಸದವರನ್ನೂ ತನ್ನ ಆದರ್ಶ ನಗರದ ಪೌರತ್ವದಿಂದ ಹೊರಗಿಟ್ಟ. ಕೆಲಸ ಮಾಡುತ್ತ ಗುಣ ಬರುತ್ತದೆ ಎಂದ ಮೇಲೆ, ಕೆಲಸವನ್ನೇ ಕೊಡದೆ ಗುಣವಿಲ್ಲ ಎನ್ನುವುದು ಅವನ ಚಿಂತನೆಯೊಳಗಿನ ದೊಡ್ಡ ಬಿರುಕು.

ಚಕ್ರವರ್ತಿಗಳ ಕಾಲದಲ್ಲಿ ಕಥೆ ತಿರುವು ಪಡೆಯಿತು. ಕ್ರಿ.ಶ. 14ರಲ್ಲಿ ಟೈಬೀರಿಯಸ್ ಅಧಿಕಾರಿಗಳ ಚುನಾವಣೆಯನ್ನು ಜನರ ಕೈಯಿಂದ ಸೆನೆಟಿಗೆ ವರ್ಗಾಯಿಸಿದ. ಸಾರ್ವಜನಿಕ ಕೆಲಸ ಕುಗ್ಗಿದಂತೆ ಗುಣ ಮನಸ್ಸಿನೊಳಗೆ ಸರಿಯಿತು. ಗುಲಾಮನಾಗಿ ಹುಟ್ಟಿದ ಎಪಿಕ್ಟೀಟಸ್ ಎಂಬ ಸ್ಟೋಯಿಕ್ ಬೋಧಕ, ನಿನಗಿರುವ ಹೆಸರುಗಳನ್ನು ನೋಡು, ಕರ್ತವ್ಯ ತಾನೇ ತಿಳಿಯುತ್ತದೆ ಎಂದು ಕಲಿಸುತ್ತಿದ್ದ: ಮೊದಲು ನೀನು ಮನುಷ್ಯ, ಲೋಕದ ಪೌರ, ಆಮೇಲೆ ಮಗ, ಅಣ್ಣ ಅಥವಾ ತಮ್ಮ, ಊರ ಸಭೆಯಲ್ಲಿದ್ದರೆ ಸಭಾಸದ. ಹಳೆಯ ಗೋಡೆಗಳು ಯಾರನ್ನು ಹೊರಗಿಟ್ಟಿದ್ದವೋ ಅವರೆಲ್ಲರಿಗೂ ಈ ಲೋಕನಗರದಲ್ಲಿ ಜಾಗವಿತ್ತು, ಆದರೆ ಅಲ್ಲಿ ಮತ ಹಾಕುವ ಸಭೆ ಇರಲಿಲ್ಲ.

ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಒಂದೇ ಆಜ್ಞೆಯಿಂದ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರನ್ನೂ ರೋಮಿನ ಪೌರರೆಂದು ಘೋಷಿಸಿದ. ಅಥೆನ್ಸಿನಲ್ಲಿ ಅರಿಸ್ಟಾಟಲನಿಗೆ ಸಿಗದ ಪೌರನೆಂಬ ಹೆಸರು ಬ್ರಿಟನ್ನಿನ ರೈತನಿಗೂ ಸಿರಿಯಾದ ನೇಕಾರನಿಗೂ ಸಿಕ್ಕಿತು. ಆದರೆ ಅರಿಸ್ಟಾಟಲ್ ಹೇಳಿದ ಪಾಲು, ಅಂದರೆ ಆಳುವುದರಲ್ಲೂ ತೀರ್ಮಾನಿಸುವುದರಲ್ಲೂ ಇರಬೇಕಾದ ಪಾಲು, ಆ ಹೆಸರಿನ ಜೊತೆಗೆ ಬರಲಿಲ್ಲ. ಆ ಕಾಲದಲ್ಲೇ ಸೆನೆಟ್ ಸದಸ್ಯನಾಗಿದ್ದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆಯುವಂತೆ, ಪೌರರು ಮಾತ್ರ ಕಟ್ಟುತ್ತಿದ್ದ ತೆರಿಗೆಗಳನ್ನು ಇನ್ನಷ್ಟು ಜನರಿಂದ ವಸೂಲಿ ಮಾಡುವುದೇ ಚಕ್ರವರ್ತಿಯ ನಿಜವಾದ ಉದ್ದೇಶವಾಗಿತ್ತು.